ಎಸ್‌ಎಸ್‌ಎಲ್‌ಸಿ ನಂತರ ವಿಜ್ಞಾನ: ದಾರಿಗಳು ಯಾವುವು, ಏನೇನು ಬೇಕು?



ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಟ್ರಸ್ಟ್‌ನ ಕಚೇರಿಗೆ ಬರುವ ಪೋಷಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಾಷ್ಟ್ರೇ, ಸೈನ್ಸ್ ತೆಗೆದ್ರೆ ಇವ ಡಾಕ್ಟರ್ ಆಗ್ಲಿಕ್ಕೆ ಆಗ್ತದಾ? ಇಲ್ಲಾಂದ್ರೆ ಕಾಮರ್ಸೇ ಸಾಕು." ಡಾಕ್ಟರ್ ಅಥವಾ ಇಂಜಿನಿಯರ್ ಆಗದಿದ್ದರೆ ವಿಜ್ಞಾನ ಓದಿದ್ದು ವ್ಯರ್ಥ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಅದು ಸರಿಯಲ್ಲ ಎಂದು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಒಬ್ಬ ಹುಡುಗಿಗೆ ನಾವು ವಿದ್ಯಾರ್ಥಿವೇತನ ಕೊಟ್ಟೆವು. ತಾಯಿ ಬೀಡಿ ಕಟ್ಟುವವರು. ವಿಜ್ಞಾನ ವಿಭಾಗಕ್ಕೆ ಸೇರಿಸಿದೆವು, ಶುಲ್ಕ ಕಟ್ಟಿದೆವು, ಫೋಟೋ ತೆಗೆದು ವರದಿಯಲ್ಲಿ ಹಾಕಿದೆವು. ದಸರಾ ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಹೋಗಲಿಲ್ಲ. ನಮಗೆ ತಿಳಿದದ್ದು ಡಿಸೆಂಬರಿನಲ್ಲಿ. ಮನೆಗೆ ಹೋಗಿ ವಿಚಾರಿಸಿದಾಗ ಅವಳು ಹೇಳಿದ್ದು ಇಷ್ಟು: "ಜಡತ್ವ ಅಂದ್ರೆ ಗೊತ್ತುಂಟು ಸರ್. ಇನರ್ಷಿಯಾ ಅಂದ್ರೂ ಅದೇ ಅಂತ ಯಾರೂ ಹೇಳ್ಲಿಲ್ಲ." ಮರುವರ್ಷ ಅವಳು ಕಲಾ ವಿಭಾಗಕ್ಕೆ ಸೇರಿದಳು. ಒಂದು ವರ್ಷ ಹೋಯಿತು. ಹಣ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಂಡದ್ದು ನಮ್ಮ ತಪ್ಪು.

ವಿಷಯಗಳ ಆಯ್ಕೆ

ಪಿಯುಸಿ ವಿಜ್ಞಾನದಲ್ಲಿ ಎರಡು ಭಾಷೆಗಳ ಜೊತೆ ನಾಲ್ಕು ವಿಷಯಗಳಿರುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸಾಮಾನ್ಯವಾಗಿ ಎಲ್ಲ ಸಂಯೋಜನೆಗಳಲ್ಲೂ ಇವೆ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ವಿಜ್ಞಾನವಾದರೆ ಪಿಸಿಎಂಸಿ. ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಮುಂತಾದ ಕೋರ್ಸುಗಳಿಗೆ ಜೀವಶಾಸ್ತ್ರ ಬೇಕೇ ಬೇಕು. ಇಂಜಿನಿಯರಿಂಗಿಗೆ ಗಣಿತ ಬೇಕು. ಇನ್ನೂ ನಿರ್ಧಾರವಾಗದ ಮಗುವಿಗೆ ಪಿಸಿಎಂಬಿ ಎರಡೂ ಕಡೆ ಅವಕಾಶ ಉಳಿಸುತ್ತದೆ. ಆದರೆ ಓದಿನ ಹೊರೆಯೂ ಅದರಲ್ಲಿ ಹೆಚ್ಚು.

ಇಂಜಿನಿಯರಿಂಗಿಗೆ ಸಿಇಟಿ ಬರೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ರ‍್ಯಾಂಕಿಗೆ ಪಿಯುಸಿ ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ ಪರಿಗಣಿಸುತ್ತಾರೆ. ಆದ್ದರಿಂದ "ಸಿಇಟಿ ಒಂದು ಚೆನ್ನಾಗಿ ಬರೆದರೆ ಸಾಕು" ಎಂಬ ಮಾತನ್ನು ನಂಬಬೇಡಿ. ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ, ಯುನಾನಿ ಪದವಿಗಳಿಗೆ ನೀಟ್ ಬೇಕು. ಅದು 720 ಅಂಕದ ಪರೀಕ್ಷೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆಯುತ್ತಾರೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಪಿಯುಸಿ ಇಲ್ಲದೆಯೂ ದಾರಿ ಇದೆ. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಬೇಗ ದುಡಿಯಬೇಕಾದ ಮನೆಗಳಿಗೆ ಇದು ಒಳ್ಳೆಯದು. ಡಿಪ್ಲೊಮಾ ಮುಗಿದ ಮೇಲೆ ಕೆಲಸಕ್ಕೂ ಹೋಗಬಹುದು, ಮುಂದೆ ಓದಲೂಬಹುದು. ಮಂಗಳೂರಿನ ಕದ್ರಿಯ ಸರಕಾರಿ ಪಾಲಿಟೆಕ್ನಿಕ್ 1946ರಿಂದ ನಡೆಯುತ್ತಿದೆ.

ನಮ್ಮ ಊರಿಗೆ ಬೇಕಾದ ವಿಜ್ಞಾನ

ಕೊಕ್ಕಡದವರಿಗೆ ವಿಜ್ಞಾನದ ಅಗತ್ಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗೇರು ಮರಕ್ಕೆ ಬರುವ ಟೀ ಸೊಳ್ಳೆಯನ್ನು ಕೊಲ್ಲಲು ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದದ್ದು 2011ರ ಮೇ 13ರಂದು. ಅದರ ನೋವನ್ನು ಇಂದಿಗೂ ಹೊತ್ತ ಮನೆಗಳು ಎಲ್ಲ ಸಮುದಾಯದಲ್ಲೂ ಇವೆ. ಕೊಕ್ಕಡದಲ್ಲಿ ಅವರಿಗಾಗಿ ಪಾಲನಾ ಕೇಂದ್ರವೂ ಇದೆ. ಅಂಥ ಮಗುವಿಗೆ ದಿನದಿನವೂ ಬೇಕಾಗುವವರು ಕೈಕಾಲು ಆಡಿಸಲು ಕಲಿಸುವ ಫಿಸಿಯೋಥೆರಪಿಸ್ಟ್, ಮಾತು ಕಲಿಸುವ ತಜ್ಞೆ, ನರ್ಸ್, ವಿಶೇಷ ಶಿಕ್ಷಕಿ.

ಜೀವಶಾಸ್ತ್ರ ಓದಿದವರಿಗೆ ಈ ಕೋರ್ಸುಗಳೆಲ್ಲ ತೆರೆದಿವೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಮಾತು ಮತ್ತು ಶ್ರವಣದ ಪದವಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಲ್ಯಾಬ್ ಟೆಕ್ನಾಲಜಿ, ಫಾರ್ಮಸಿ ಕೂಡ ಉದ್ಯೋಗ ಕೊಡುವ ಕೋರ್ಸುಗಳು. ತೋಟದ ಮಕ್ಕಳಿಗೆ ಬಿ.ಎಸ್ಸಿ. ಕೃಷಿ ಇದೆ, ಅಡಿಕೆ ಸಂಶೋಧನೆ ವಿಟ್ಲದಲ್ಲಿ, ಗೇರು ಸಂಶೋಧನೆ ಪುತ್ತೂರಿನಲ್ಲಿ ನಡೆಯುತ್ತಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲಿ. ಇನ್ನು ಬಿ.ಎಸ್ಸಿ., ಬಿ.ಇಡಿ. ಮಾಡಿ ಶಿಕ್ಷಕರಾಗುವ ದಾರಿಯಂತೂ ನಾವೇ ನಡೆದದ್ದು. ಹಳ್ಳಿಯ ಪ್ರೌಢಶಾಲೆಗೆ ಒಳ್ಳೆಯ ವಿಜ್ಞಾನ ಶಿಕ್ಷಕರು ಸಿಕ್ಕಿದರೆ ಎಷ್ಟು ಮನೆಗಳ ಬದುಕು ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇವೆ.

ಕಾಗದಪತ್ರ: ಈಗಲೇ ಮಾಡಿಸಿ

ಅಂಕ ಇದ್ದೂ ಕಾಗದ ಇಲ್ಲದೆ ಸೀಟು ಕಳೆದುಕೊಂಡವರಿದ್ದಾರೆ. ಒಂದರಿಂದ ಹತ್ತನೇ ತರಗತಿಯ ತನಕ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಹತ್ತೂ ವರ್ಷ ಪೂರ್ತಿ ಇರಬೇಕು. ಎಂಟನೇ ತರಗತಿಗೆ ಮಗುವನ್ನು ಪೇಟೆಯ ಶಾಲೆಗೆ ಬದಲಿಸುವ ಮುನ್ನ ಇದನ್ನು ಯೋಚಿಸಿ. ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ.

ಬೀಡಿ ಕಟ್ಟುವ ತಾಯಂದಿರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ. ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ ಅದಕ್ಕೆ ಅಗತ್ಯ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವೃತ್ತಿ ಶಿಕ್ಷಣಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವೂ ಇದೆ.

ಒಂದು ವಿಷಯದಲ್ಲಿ ತಪ್ಪಿದರೆ ವರ್ಷ ಹೋಯಿತೆಂದು ಮಕ್ಕಳನ್ನು ಕೆಲಸಕ್ಕೆ ಕಳುಹಿಸಬೇಡಿ. 2024ರಿಂದ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ.

ನಮ್ಮ ಕ್ರಮ

ಆ ಹುಡುಗಿಯ ಪ್ರಕರಣದ ನಂತರ ನಮ್ಮ ಕ್ರಮ ಬದಲಾಗಿದೆ. ವಿಜ್ಞಾನ ಆಯ್ದುಕೊಂಡ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಎರಡು ವಾರ ಸೇತುಬಂಧ ತರಗತಿ ನಡೆಸುತ್ತೇವೆ. ಹತ್ತನೇ ತರಗತಿಯಲ್ಲಿ ಕಲಿತ ಪದಗಳನ್ನೇ ಇಂಗ್ಲಿಷಿನಲ್ಲಿ ಹೇಳಿ, ಬರೆಸುತ್ತೇವೆ. ಕಾಲೇಜು ಶುರುವಾದ ಮೇಲೆ ಮೊದಲ ಕಿರುಪರೀಕ್ಷೆ ಮುಗಿದ ಕೂಡಲೇ ಪ್ರತಿ ಮನೆಗೂ ಹೋಗುತ್ತೇವೆ. ವಿದ್ಯಾರ್ಥಿವೇತನವನ್ನು ಎರಡು ಕಂತಿನಲ್ಲಿ ಕೊಡುತ್ತೇವೆ. ಎರಡನೇ ಕಂತು ಅಂಕ ನೋಡಿ ಕೊಡುವುದಲ್ಲ. ಹಾಜರಾತಿ ನೋಡಿ, ಮಗುವಿನೊಂದಿಗೆ ಮಾತಾಡಿ ಕೊಡುವುದು.

ದಾನಿಗಳಲ್ಲಿ ನಮ್ಮ ವಿನಂತಿ: ಶುಲ್ಕಕ್ಕೆ ಕೊಟ್ಟಂತೆ ಬಸ್ ಪಾಸ್, ಪುಸ್ತಕ, ಸೇತುಬಂಧ ತರಗತಿಯ ಖರ್ಚಿಗೂ ಕೊಡಿ. ಫೋಟೋದಲ್ಲಿ ಕಾಣದ ಖರ್ಚುಗಳಿವು. ಮಗು ನಡುವೆ ಓದು ಬಿಡುವುದು ಹೆಚ್ಚಾಗಿ ಇವುಗಳ ಕೊರತೆಯಿಂದಲೇ.

ಪೋಷಕರಲ್ಲಿ ವಿನಂತಿ: ಅರ್ಜಿ ನಮೂನೆ ಟ್ರಸ್ಟ್‌ನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ತನ್ನಿ. ತಂದೆ ಗಲ್ಫಿನಲ್ಲಿದ್ದರೆ ಉಮ್ಮನೇ ಬಂದು ಸಹಿ ಹಾಕಬಹುದು. ಮಗುವನ್ನೂ ಜೊತೆಯಲ್ಲಿ ಕರೆತನ್ನಿ. ಯಾವ ವಿಷಯ ಇಷ್ಟ ಎಂದು ಮೊದಲು ಅವರನ್ನೇ ಕೇಳುತ್ತೇವೆ.