ಚಾಕೊಲೇಟ್ ಕೊಟ್ಟಿದ್ದಕ್ಕೆ ಹೋಯ್ತು ಜೀವ: ಫಾರ್ವರ್ಡ್ ಮೆಸೇಜ್ ಊರನ್ನೇ ಹೇಗೆ ಕುಣಿಸುತ್ತೆ?

'ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್' ಅನ್ನೋ ಮೆಸೇಜ್ ನೋಡದವರು ಕಡಿಮೆ. ಊರಿನ ಹೆಸರು ಬದಲಾಯಿಸಿಕೊಂಡು ಅದೇ ಮೆಸೇಜ್ ಮತ್ತೆ ಮತ್ತೆ ಬರುತ್ತೆ. ಅದು ಏನು ಮಾಡಬಲ್ಲದು ಅನ್ನೋದಕ್ಕೆ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮವೇ ಸಾಕ್ಷಿ.

2018ರ ಜುಲೈ 13. ಹೈದರಾಬಾದ್‌ನಿಂದ ಗೆಳೆಯನ ಊರಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಅನುಮಾನ ಶುರುವಾಯ್ತು. ಅವರು ಕಾರು ಹತ್ತಿ ಹೊರಟರೂ, ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಮುರ್ಕಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದರು, ಕಾರು ಪಲ್ಟಿ ಆಯ್ತು, ಜನ ಮುಗಿಬಿದ್ದರು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಗ್ರೂಪ್ ಅಡ್ಮಿನ್ ಸೇರಿ 30ಕ್ಕೂ ಹೆಚ್ಚು ಜನ ಅರೆಸ್ಟ್ ಆದರು. ಇದಕ್ಕೂ ಮೊದಲು, ಅದೇ ಮೇ 23ರಂದು ಬೆಂಗಳೂರಿನಲ್ಲಿ ರಾಜಸ್ಥಾನದ 26 ವರ್ಷದ ಯುವಕನನ್ನು ಇದೇ ಅನುಮಾನದ ಮೇಲೆ ಕಟ್ಟಿ ಹೊಡೆದು ಕೊಂದಿದ್ದರು.

ಆ ವರ್ಷ ದೇಶದ ತುಂಬಾ ಓಡಾಡಿದ ಒಂದು ವಿಡಿಯೋದಲ್ಲಿ ಬೈಕ್‌ನವರು ಮಗುವನ್ನು ಎತ್ತಿಕೊಂಡು ಹೋಗ್ತಾರೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕ್‌ನವರು ಮಗುವನ್ನು ವಾಪಸ್ ಬಿಟ್ಟು, ಎಚ್ಚರಿಕೆಯ ಬೋರ್ಡ್ ತೋರಿಸ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಹರಿಬಿಟ್ಟರು. ಸುಳ್ಳು ವಿಡಿಯೋ ಹೊಸದಾಗಿ ಮಾಡೋದೂ ಬೇಕಾಗಿಲ್ಲ, ಕತ್ತರಿ ಇದ್ದರೆ ಸಾಕು!

ಕಳಿಸೋರೆಲ್ಲ ಕೆಟ್ಟವರೇನಲ್ಲ. 'ಇರಲಿ, ನಮ್ಮವರಿಗೂ ಗೊತ್ತಾಗಲಿ' ಅಂತ ಅತ್ತೆ, ಮಾವ, ಅಂಗಡಿ ಅಣ್ಣ ಕಳಿಸ್ತಾರೆ. ಪರಿಚಯದವರಿಂದ ಬಂದಿದ್ದಕ್ಕೇ ಜನ ನಂಬ್ತಾರೆ. ಮೊದಲು ಹರಿಬಿಟ್ಟವನು ಯಾರು ಅಂತ ಯಾರಿಗೂ ಗೊತ್ತಾಗಲ್ಲ.

ಜೀವ ಹೋಗದಿದ್ದರೂ ನಷ್ಟ ತಪ್ಪಿದ್ದಲ್ಲ. 10 ರೂಪಾಯಿ ನಾಣ್ಯ 'ನಡೆಯಲ್ಲ' ಅನ್ನೋ ಗಾಳಿಸುದ್ದಿಯಿಂದ ಎಷ್ಟು ಅಂಗಡಿಗಳಲ್ಲಿ ಜಗಳ ಆಗಿಲ್ಲ? 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದ್ದರೂ ಡಬ್ಬಿಯಲ್ಲಿ ನಾಣ್ಯ ಕೂಡಿಟ್ಟು ಕೂತವರಿದ್ದಾರೆ.

ಮುರ್ಕಿ ಘಟನೆಯಾದ ಕೆಲವೇ ದಿನಕ್ಕೆ ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಹಲವು ಬಾರಿ ದಾಟಿ ಬಂದದ್ದು, ಕಳಿಸಿದ ಪರಿಚಯಸ್ಥರು ಬರೆದದ್ದಲ್ಲ. ಊರಲ್ಲಿ ನಿಜವಾಗಲೂ ಯಾರ ಮೇಲಾದರೂ ಅನುಮಾನ ಬಂದರೆ ಗ್ರೂಪ್‌ಗೆ ಫೋಟೋ ಹಾಕುವ ಬದಲು 112ಕ್ಕೆ ಫೋನ್ ಮಾಡಬಹುದು.