ಬೆಂಗಳೂರಿನ ಬಚ್ಚಲು ನೀರು, ಕೋಲಾರದ ಕೆರೆ, ನಮ್ಮ ನೇತ್ರಾವತಿ

ನಮ್ಮ ಅಡುಗೆಮನೆಗೂ ಕೋಲಾರಕ್ಕೂ ಟೊಮೆಟೊದ ನಂಟಿದೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್‌ಗೆ ಎರಡು ಸಾವಿರ ರೂಪಾಯಿ ದಾಟಿದಾಗ ಮಂಗಳೂರಿನ ಸಾರಿನಲ್ಲೂ ಟೊಮೆಟೊ ಕಡಿಮೆಯಾಗಿತ್ತು. ಇನ್ನೊಂದು ನಂಟು ಜಗಳದ್ದು. ನೇತ್ರಾವತಿಯ ಉಪಹೊಳೆಗಳಿಂದ 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆ. ಅದಕ್ಕಾಗಿ ನಾವು ಬಂದ್ ಮಾಡಿದ್ದೂ ಆಯ್ತು, ಬೀದಿಗಿಳಿದದ್ದೂ ಆಯ್ತು. ಆದರೆ ಕೋಲಾರಕ್ಕೆ ಈಗಾಗಲೇ ಹರಿಯುತ್ತಿರುವ ಇನ್ನೊಂದು ನೀರಿನ ಬಗ್ಗೆ ನಮ್ಮ ಕಡೆ ಮಾತೇ ಇಲ್ಲ.

ಅದು ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ನೀರು. ಹೆಸರು ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆ ತುಂಬಿಸುವ ಲೆಕ್ಕ. 2018ರ ಜೂನ್‌ನಲ್ಲಿ ಕೋಲಾರ ತಾಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಗೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಅದು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಸಿಗುವುದು ಫ್ಲೋರೈಡ್ ನೀರು. ಕೆರೆ ತುಂಬಿದ ಮೇಲೆ ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂತೆಂದು ಹೇಳುವ ರೈತರು ಅಲ್ಲಿ ಬೇಕಾದಷ್ಟಿದ್ದಾರೆ.

ತಕರಾರೂ ಇದೆ. 2018ರ ಜುಲೈಯಲ್ಲೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಪ್ರಕರಣ ಸುಪ್ರೀಂ ಕೋರ್ಟ್‌ಗೂ ಹೋಯಿತು. ನೀರನ್ನು ಎರಡು ಹಂತದಲ್ಲಿ ಮಾತ್ರ ಶುದ್ಧೀಕರಿಸುತ್ತಾರೆ, ಮೂರನೇ ಹಂತವೂ ಬೇಕು ಎಂಬುದು ಅಲ್ಲಿನ ಶಾಶ್ವತ ನೀರಾವರಿ ಹೋರಾಟಗಾರರ ಪಟ್ಟು. ಈ ನೀರು ಅಂತರ್ಜಲಕ್ಕೆ ಇಳಿಯುತ್ತದೆ. ಅದನ್ನೇ ಜನ ಕುಡಿಯುತ್ತಾರೆ. ಹಾಗಾಗಿ ಅವರ ಪಟ್ಟು ನ್ಯಾಯದ್ದೇ. ಖರ್ಚು ಬೆಂಗಳೂರಿನದ್ದಾಗಬೇಕು, ಕೊಳಕು ಮಾಡಿದವರು ಅವರೇ ತಾನೆ?

‘ಕೊಳಚೆ ನೀರಾ, ಛೀ’ ಅನ್ನುವವರು ನಮ್ಮಲ್ಲೂ ಇದ್ದಾರೆ. ಸೌದಿಯ ಹಿರಿಯ ಉಲಮಾಗಳ ಮಂಡಳಿ 1978ರಲ್ಲೇ ಇದನ್ನು ಚರ್ಚಿಸಿದೆ. ಬಣ್ಣ, ರುಚಿ, ವಾಸನೆಯಲ್ಲಿ ನಜಸ್‌ನ ಗುರುತು ಉಳಿಯದಷ್ಟು ಪೂರ್ತಿ ಶುದ್ಧೀಕರಿಸಿದ ನೀರಿನಲ್ಲಿ ವುಳೂ ಕೂಡಾ ಆಗುತ್ತದೆ ಎಂದಿತು. ಕುಡಿಯುವ ವಿಷಯದಲ್ಲಿ ಮಾತ್ರ ಆರೋಗ್ಯದ ಎಚ್ಚರಿಕೆ ಹೇಳಿತು. ಕೋಲಾರದ ರೈತರು ಕೇಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಇನ್ನು ಹವಾಮಾನ. 2021ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಅಕಾಲಿಕ ಮಳೆ ಸುರಿದು ಕೆರೆಗಳು ಕೋಡಿ ಬಿದ್ದವು, ಬೆಳೆ ಕೊಳೆಯಿತು. 2023ರಲ್ಲಿ ರಾಜ್ಯಕ್ಕೇ ಬರ. ಬಂದಾಗ ಹಿಡಿದು, ಇಲ್ಲದಾಗ ಕೊಡಲು ಕೆರೆಯೇ ಬೇಕು. ಆದರೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರಿನ ಮೇಲೆ ಹಾದುಹೋದ ಮೇಲೆ ಲೇಔಟ್‌ಗಳ ಭರಾಟೆ ಜೋರಾಗಿದೆ. ಸೈಟ್ ಕೊಳ್ಳುವವರಲ್ಲಿ ಬೆಂಗಳೂರಿನಲ್ಲಿ ಬೇಕರಿ, ಹೋಟೆಲ್ ನಡೆಸುವ ನಮ್ಮವರೂ ಇರಬಹುದು. ಕೊಳ್ಳುವ ಮುಂಚೆ ಗ್ರಾಮನಕ್ಷೆ ತೆಗೆಸಿ ರಾಜಕಾಲುವೆ ಎಲ್ಲಿದೆ ನೋಡಿ, ಮಾರ್ರೆ. ಕಾಲುವೆ ಮುಚ್ಚಿದರೆ ಕೆರೆಗೆ ನೀರು ಹೋಗುವುದು ಹೇಗೆ?

ನೇತ್ರಾವತಿಯ ಲೆಕ್ಕ ಇಲ್ಲಿದೆ. ಎತ್ತಿನಹೊಳೆಯ 24 ಟಿಎಂಸಿಯಲ್ಲಿ ಸುಮಾರು 14 ಕುಡಿಯಲು, ಉಳಿದ 10 ಕೆರೆ ತುಂಬಿಸಲು. ಕುಡಿಯುವ ನೀರಿಗೆ ಬೇಡ ಎನ್ನಲು ನಮಗೂ ಮನಸ್ಸು ಬಾರದು. ಕೆರೆ ತುಂಬಿಸುವ ಕೆಲಸಕ್ಕೆ ಮಾತ್ರ ಘಟ್ಟದ ಹೊಳೆಯೇ ಬೇಕಾ? ಕೆ.ಸಿ. ವ್ಯಾಲಿ ಪೂರ್ತಿ ಹರಿದರೆ ಅದೊಂದೇ ವರ್ಷಕ್ಕೆ ಐದೂವರೆ ಟಿಎಂಸಿ ದಾಟುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಬೆಂಗಳೂರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಅದರ ಬಹುಪಾಲು ಬಚ್ಚಲು ದಾಟಿ ಹೊರಗೆ ಬರಲೇಬೇಕು.