ಹೂ ಉದುರಿದರೂ ಆರ್ಕಿಡ್ ಜೀವಂತ

ಗೃಹಪ್ರವೇಶಕ್ಕೋ ಸನ್ಮಾನಕ್ಕೋ ಉಡುಗೊರೆಯಾಗಿ ಬಂದ ಆರ್ಕಿಡ್ ಕುಂಡ ಎರಡು-ಮೂರು ತಿಂಗಳು ಮನೆಗೆ ಶೋಭೆ. ಕೊನೆಯ ಹೂ ಉದುರಿತೆಂದರೆ ಅದು ಸೊಸೈಟಿಯ ಕಸದ ಡಬ್ಬಿ ಸೇರುವುದೂ ಉಂಟು. ಗಿಡ ಸತ್ತಿರುವುದಿಲ್ಲ, ವಿಶ್ರಾಂತಿಯಲ್ಲಿರುತ್ತದೆ ಅಷ್ಟೇ.

ಊರಿನ ಹಲಸು, ಮಾವಿನ ಮರಗಳಲ್ಲಿ ಮಳೆಗಾಲದ ಆರಂಭಕ್ಕೆ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆಯನ್ನು ಕಂಡವರಿಗೆ ಇದರ ಗುಟ್ಟು ಗೊತ್ತು. ಅದೂ ಆರ್ಕಿಡ್ಡೇ. ಬೇರು ಮಣ್ಣಿಗಿಳಿಯದೆ ತೊಗಟೆಗೆ ಅಂಟಿ ಗಾಳಿಯಲ್ಲಿರುತ್ತದೆ. ಹಾಗಾಗಿ ಕುಂಡಕ್ಕೂ ಮಣ್ಣು ಬೇಡ. ಇದ್ದಿಲು, ಮರದ ತೊಗಟೆಯ ಚೂರು ಸಾಕು. ಹಳೆಯದು ಕೊಳೆತಿದ್ದರೆ ಬದಲಿಸಲು ಹೂ ಮುಗಿದ ಈ ಸಮಯವೇ ಸರಿ.

ಅಂಗಡಿಗಳಲ್ಲಿ ಹೆಚ್ಚು ಸಿಗುವ ಅಗಲ ಎಲೆಯ ಫೆಲನಾಪ್ಸಿಸ್‌ನ ಹೂದಂಟು ಹಸಿರಾಗಿದ್ದರೆ ಬುಡದಿಂದ ಎರಡನೇ ಅಥವಾ ಮೂರನೇ ಗಂಟಿನ ಮೇಲೆ ಕತ್ತರಿಸಬೇಕು. ಅಲ್ಲಿಂದ ಕವಲೊಡೆದು ಮತ್ತೆ ಹೂ ಬರಬಹುದು. ಒಣಗಿದ್ದರೆ ಬುಡಕ್ಕೇ ಕತ್ತರಿಸಬೇಕು. ಡೆಂಡ್ರೋಬಿಯಂ ಆದರೆ ಒಣಗಿದ ಹೂದಂಟು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಎಲೆ ಉದುರಿದ ಅದರ ಹಳೆಯ ಕಾಂಡವೂ ಹೊಸ ಚಿಗುರಿಗೆ ಆಹಾರದ ಉಗ್ರಾಣ.

ಅತಿಯಾದ ಆರೈಕೆಯೇ ಇದಕ್ಕೆ ಕುತ್ತು. ಬೇರು ಬೆಳ್ಳಿಬಣ್ಣಕ್ಕೆ ತಿರುಗಿದಾಗ ನೀರು ಹಾಕಿದರಾಯಿತು, ಹಸಿರಾಗಿದ್ದರೆ ಬೇಡ. ಜುಲೈ-ಆಗಸ್ಟ್‌ನ ಮುಂಬಯಿ ಮಳೆಯಲ್ಲಿ ಕಿಟಕಿಯ ಗ್ರಿಲ್ಲಿನ ಮೇಲೆ ಬಿಟ್ಟರೆ ಎಲೆಗಳ ನಡುವೆ ನೀರು ನಿಂತು ಕುಡಿಯೇ ಕೊಳೆಯುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಜಾಗ ಉತ್ತಮ.

ಫೆಲನಾಪ್ಸಿಸ್ ಹೊಸ ದಂಟು ಬಿಡಲು ಕೆಲವು ವಾರ ತಂಪು ರಾತ್ರಿಗಳು ಬೇಕು. ಮುಂಬಯಿಯಲ್ಲಿ ಅವು ಸಿಗುವುದು ಡಿಸೆಂಬರ್-ಜನವರಿಯಲ್ಲಿ. ಆಗ ರಾತ್ರಿ ಕುಂಡವನ್ನು ತೆರೆದ ಕಿಟಕಿಯ ಬಳಿ ಇಟ್ಟರೆ ಸಾಕು.